ನಷ್ಟಪಾಠದ ಉದ್ಧಾರ: ಗೃಹಜಾಲದ ಸಂಗ್ರಹಪೆಟ್ಟಿಗೆಗಳೂ ಹಾಸನ ಸೀಮೆಯ ಶಾಸನಪರಂಪರೆಯೂ

೧. ವಿಷಯದ ವ್ಯಾಪ್ತಿ

ಗ್ರಂಥಗಳು ನಷ್ಟವಾಗುವುದು ಹೊಸ ಸಂಗತಿಯಲ್ಲ. ಓಲೆಗರಿಯನ್ನು ಗೆದ್ದಲೂ ಹುಳುವೂ ತಿಂದುವು. ಕಲ್ಲಿನ ಅಕ್ಷರವನ್ನು ಮಳೆಯೂ ಬಿಸಿಲೂ ಜನರ ಕಾಲ್ತುಳಿತವೂ ಸವೆಯಿಸಿದುವು. ಕಾಗದವನ್ನು ತೇವವೂ ಬೆಂಕಿಯೂ ಕೆಡಿಸಿದುವು. ಈ ಹಾನಿಗಳನ್ನೆಲ್ಲ ಬಲ್ಲ ವಿದ್ವಾಂಸರು ಇಂದು ತಮ್ಮ ಸಾಮಗ್ರಿಯನ್ನು ಬೇರೊಂದು ಪಾತ್ರೆಯಲ್ಲಿ ಇಡುತ್ತಿದ್ದಾರೆ. ಶಾಸನಗಳ ಛಾಯಾಚಿತ್ರಗಳು, ಓಲೆಕಟ್ಟುಗಳ ಬಿಂಬಗಳು, ಜನಪದ ಗಾಯಕರ ಧ್ವನಿಮುದ್ರಿಕೆಗಳು, ಸಂಪಾದನೆಯ ಹಂತದಲ್ಲಿರುವ ಗ್ರಂಥಪಾಠಗಳು ಎಲ್ಲವೂ ಹಾರ್ಡ್ ಡಿಸ್ಕುಗಳಲ್ಲಿ ಸೇರುತ್ತಿವೆ. ಇಂಥ ಎರಡು ಅಥವಾ ನಾಲ್ಕು ಡಿಸ್ಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ, ಮನೆಯ ಜಾಲಕ್ಕೆ ಸೇರಿಸಿ, ಮನೆಯ ಎಲ್ಲ ಕಂಪ್ಯೂಟರುಗಳಿಂದಲೂ ಓದಿಬರೆಯುವಂತೆ ಮಾಡಿದ ಸಾಧನಕ್ಕೆ ಇಂಗ್ಲಿಷಿನ ಮೊದಲಕ್ಷರಗಳಿಂದ ‘ನ್ಯಾಸ್’ ಎಂದು ಹೆಸರು. ಸಂಸ್ಕೃತದಲ್ಲಿ ‘ನ್ಯಾಸ’ವೆಂದರೆ ನಂಬಿ ಒಪ್ಪಿಸಿದ ಒಡವೆ ಎಂಬ ಅರ್ಥವೂ ಉಂಟು. ಈ ಧ್ವನಿಸಾಮ್ಯವು ಆಕಸ್ಮಿಕವಾದರೂ ಅರ್ಥವು ಚೆನ್ನಾಗಿ ಹೊಂದುತ್ತದೆ.

ಒಪ್ಪಿಸಿದ ನ್ಯಾಸವು ಕೆಟ್ಟಾಗ ಅದರಲ್ಲಿದ್ದ ಕಡತಗಳನ್ನು ಮರಳಿ ಪಡೆಯುವುದು ಹೇಗೆ, ಎಷ್ಟರ ಮಟ್ಟಿಗೆ ಸಾಧ್ಯ, ಎಲ್ಲಿಂದ ಮುಂದೆ ಅಸಾಧ್ಯ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವೆಂದು ತೋರಬಹುದು. ಆದರೆ ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದರ ಮುಖ್ಯ ತತ್ತ್ವಗಳು ಪರಿಚಿತವಾದುವೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳಿಂದಲೂ ಅವುಗಳ ಪ್ರಕಟನೆಯ ಚರಿತ್ರೆಯಿಂದಲೂ ಉದಾಹರಣೆಗಳನ್ನು ತೆಗೆದುಕೊಂಡರೆ ವಿಷಯವು ಸುಲಭವಾಗಿ ವಿಶದವಾಗುತ್ತದೆ.

೨. ಪಾಠವೂ ಸೂಚಿಯೂ

ಡಿಸ್ಕಿನಲ್ಲಿ ಎರಡು ಬಗೆಯ ಬರಹವಿರುತ್ತದೆ. ಒಂದು, ಕಡತದ ಒಡಲು. ಮತ್ತೊಂದು, ಯಾವ ಹೆಸರಿನ ಕಡತವು ಡಿಸ್ಕಿನ ಯಾವ ಯಾವ ಖಂಡಗಳಲ್ಲಿದೆ ಎಂದು ತಿಳಿಸುವ ಸೂಚಿ. ಈ ಎರಡರ ಭೇದವನ್ನು ಅರಿಯದಿದ್ದರೆ ಉದ್ಧಾರದ ಕ್ರಮವು ತಿಳಿಯಲಾರದು.

ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೫ನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಅದರಲ್ಲಿ ಪ್ರತಿ ತಾಲ್ಲೂಕಿಗೂ ಬೇರೆ ಬೇರೆ ಕ್ರಮಸಂಖ್ಯೆಗಳಿವೆ. ವಿದ್ವಾಂಸನೊಬ್ಬನು ‘ಅರಕಲಗೂಡು’ ಎಂದು ಬರೆದು ಒಂದು ಸಂಖ್ಯೆಯನ್ನು ಹಾಕಿದರೆ ಸಾಕು. ಓದುವವನು ಸಂಪುಟವನ್ನು ತೆರೆದು, ಗ್ರಾಮದ ಹೆಸರನ್ನೂ ಕಲ್ಲು ನಿಂತಿರುವ ಸ್ಥಳವನ್ನೂ ತಿಳಿದುಕೊಳ್ಳಬಲ್ಲನು. ಈ ಸೂಚಿಯು ಒಂದು ದಿನ ಇಲ್ಲವಾಯಿತೆಂದು ಭಾವಿಸಿದರೆ, ಕಲ್ಲುಗಳು ಆಯಾ ಊರುಗಳಲ್ಲಿ ಇದ್ದಂತೆಯೇ ಇರುತ್ತವೆ, ಒಂದಕ್ಷರವೂ ಅಳಿದಿರುವುದಿಲ್ಲ. ಆದರೂ ಬೇಕಾದ ಶಾಸನವು ಸಿಕ್ಕುವುದಿಲ್ಲ. ಊರೂರನ್ನೂ ತಿರುಗಿ, ಪ್ರತಿಯೊಂದು ಕಲ್ಲನ್ನೂ ಓದಿ, ಹೊಸ ಪಟ್ಟಿಯನ್ನು ಮಾಡಬೇಕಾಗುತ್ತದೆ. ಡಿಸ್ಕಿನ ಸೂಚಿ ಕೆಟ್ಟಾಗ ಆಗುವುದೂ ಇದೇ. ಕಡತಗಳೆಲ್ಲ ಮಾಯವಾದುವೆಂದು ಮನೆಯವರು ಗಾಬರಿಗೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ಒಡಲು ಇದ್ದಲ್ಲಿಯೇ ಇದ್ದು, ಅದಕ್ಕೆ ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ.

ಸೂಚಿ ಬದಲಾದರೂ ತೊಡಕು ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪; ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದಾಗ ೫೦೦; ಮೈಸೂರು ವಿಶ್ವವಿದ್ಯಾನಿಲಯದ ೧೯೭೩ರ ಪರಿಷ್ಕರಣದಲ್ಲಿ ೫೭೩. ಪ್ರತಿ ಆವೃತ್ತಿಯಲ್ಲಿಯೂ ಸಂಖ್ಯೆಗಳು ಬದಲಾದುವು. ಮೊದಲ ಆವೃತ್ತಿಯ ೧೩೬ನೆಯ ಶಾಸನವೇ ಎರಡನೆಯದರಲ್ಲಿ ೩೪೪ನೆಯದು. ಹಳೆಯ ಸಂಖ್ಯೆಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದವನಿಗೆ ಬೇರೆಯ ಶಾಸನವೇ ಎದುರಾಗುತ್ತದೆ. ಹಾಗೆಯೇ ಕೆಟ್ಟ ಡಿಸ್ಕುಗಳ ಮೇಲೆ ಪೆಟ್ಟಿಗೆಯು ಹೊಸ ಸೂಚಿಯನ್ನು ಬರೆದುಬಿಟ್ಟರೆ, ಹಳೆಯ ಕಡತಗಳ ವಿಳಾಸವು ತಪ್ಪಿಹೋಗುತ್ತದೆ.

೩. ಸಮತೆ ಎಂಬ ಉಪಾಯ

ಒಂದು ಡಿಸ್ಕು ಕೆಟ್ಟರೂ ಬರಹ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವಿಧಾನಗಳನ್ನು ಕ್ರಮಪಡಿಸಿ, ಅವಕ್ಕೆ ‘ರೈಡ್’ ಎಂಬ ಹೆಸರನ್ನಿಟ್ಟವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು. ಅವರ ಪ್ರಬಂಧವು ೧೯೮೮ರಲ್ಲಿ ಪ್ರಕಟವಾಯಿತು. ಅದರಲ್ಲಿನ ಮೊದಲ ವಿಧಾನ ಸುಲಭವಾದುದು: ಒಂದು ಡಿಸ್ಕಿನಲ್ಲಿ ಬರೆದುದನ್ನೇ ಇನ್ನೊಂದರಲ್ಲಿಯೂ ಬರೆಯುವುದು. ಇದಕ್ಕೆ ಪ್ರತಿಬಿಂಬವಿಧಾನವೆನ್ನಬಹುದು. ಇದರಲ್ಲಿ ಅರ್ಧ ಸ್ಥಳವು ಪ್ರತಿಗೇ ವೆಚ್ಚವಾಗುತ್ತದೆ. ಇನ್ನೊಂದು ವಿಧಾನವು ಹೆಚ್ಚು ಚಮತ್ಕಾರವುಳ್ಳದ್ದು. ಅದಕ್ಕೆ ಸಮತಾವಿಧಾನವೆಂದು ಹೆಸರಿಡಬಹುದು.

ನಾಲ್ಕು ಊರುಗಳಲ್ಲಿ ನಾಲ್ಕು ಡಿಸ್ಕುಗಳಿವೆಯೆಂದು ಕಲ್ಪಿಸಿಕೊಳ್ಳಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಡಿಸ್ಕುಗಳಲ್ಲಿ ಮೂರು ಬೇರೆ ಬೇರೆ ಬರಹಗಳು. ಚನ್ನರಾಯಪಟ್ಟಣದ್ದರಲ್ಲಿ ಬರಹವಿಲ್ಲ, ಲೆಕ್ಕ ಮಾತ್ರ. ಕಂಪ್ಯೂಟರಿನ ಬರಹವೆಲ್ಲ ೧ ಮತ್ತು ೦ ಎಂಬ ಎರಡೇ ಅಂಕಗಳಿಂದಾದುದು. ನಿಯಮವಿಷ್ಟೆ: ನಾಲ್ಕು ಊರುಗಳ ಒಂದೇ ಸ್ಥಾನದ ಅಂಕಗಳನ್ನು ಸೇರಿಸಿದರೆ ಅವುಗಳಲ್ಲಿ ೧ರ ಎಣಿಕೆ ಸಮಸಂಖ್ಯೆಯಾಗಿರಬೇಕು. ಹಾಸನದಲ್ಲಿ ೧, ಹೊಳೆನರಸೀಪುರದಲ್ಲಿ ೦, ಅರಕಲಗೂಡಿನಲ್ಲಿ ೧ ಇದ್ದರೆ, ಎರಡು ಒಂದುಗಳಾದುದರಿಂದ ಚನ್ನರಾಯಪಟ್ಟಣದಲ್ಲಿ ೦ಯನ್ನು ಬರೆಯಬೇಕು. ಈಗ ಅರಕಲಗೂಡಿನ ಡಿಸ್ಕು ಕೆಟ್ಟಿತೆನ್ನೋಣ. ಉಳಿದುವು ೧, ೦, ೦. ಒಂದೇ ಒಂದು ಇರುವುದರಿಂದ ಎಣಿಕೆ ಬೆಸವಾಗಿದೆ. ಅದನ್ನು ಸಮ ಮಾಡಲು ಅರಕಲಗೂಡಿನ ಅಂಕವು ೧ ಆಗಿರಲೇಬೇಕು. ಹೀಗೆ ಕೋಟ್ಯಂತರ ಸ್ಥಾನಗಳಲ್ಲಿಯೂ ಲೆಕ್ಕಮಾಡಿ, ಕೆಟ್ಟ ಡಿಸ್ಕಿನ ಬರಹವನ್ನು ಅಕ್ಷರಶಃ ಮರಳಿ ಪಡೆಯಬಹುದು. ಪ್ರತಿಯೊಂದೂ ೪ ಟೆರಾಬೈಟಿನ ನಾಲ್ಕು ಡಿಸ್ಕುಗಳಲ್ಲಿ ೧೨ ಟೆರಾಬೈಟು ಬರಹಕ್ಕೂ ೪ ಟೆರಾಬೈಟು ಸಮತೆಗೂ ಸಲ್ಲುತ್ತದೆ. ‘ರೈಡ್ ೫’ ಎಂಬ ಕ್ರಮದಲ್ಲಿ ಸಮತೆಯು ಒಂದೇ ಡಿಸ್ಕಿನಲ್ಲಿ ನಿಲ್ಲದೆ ಎಲ್ಲ ಡಿಸ್ಕುಗಳಲ್ಲಿಯೂ ಸರದಿಯಂತೆ ಸುತ್ತುತ್ತದೆ. ‘ರೈಡ್ ೬’ ಎಂಬುದರಲ್ಲಿ ಎರಡು ಬಗೆಯ ಸಮತೆಗಳಿದ್ದು, ಎರಡು ಡಿಸ್ಕುಗಳು ಕೆಟ್ಟರೂ ಬರಹ ಉಳಿಯುತ್ತದೆ.

ಛಂದಸ್ಸನ್ನು ಕಲಿಸುವವರಿಗೆ ಈ ಉಪಾಯವು ಅಪರಿಚಿತವಲ್ಲ. ಕಂದಪದ್ಯದ ೧ ಮತ್ತು ೩ನೆಯ ಪಾದಗಳಲ್ಲಿ ೧೨ ಮಾತ್ರೆಗಳು, ೨ ಮತ್ತು ೪ನೆಯ ಪಾದಗಳಲ್ಲಿ ೨೦ ಮಾತ್ರೆಗಳು, ಒಟ್ಟು ೬೪. ಶಾಸನದಲ್ಲಿ ಕೆತ್ತಿದ ಕಂದವೊಂದರ ನಡುವೆ ಒಂದಕ್ಷರ ಸವೆದಿದ್ದರೆ, ಉಳಿದ ಮಾತ್ರೆಗಳನ್ನು ಎಣಿಸಿ, ಹೋದುದು ಲಘುವೋ ಗುರುವೋ ಎಂದು ನಿಶ್ಚಯವಾಗಿ ಹೇಳಬಹುದು. ಎರಡಕ್ಷರ ಹೋಗಿ ಮೂರು ಮಾತ್ರೆ ಕಡಿಮೆಯಾದರೆ, ಅದು ಲಘುಗುರುವೋ ಗುರುಲಘುವೋ ಎಂಬುದನ್ನು ಎಣಿಕೆಯೊಂದೇ ತಿಳಿಸಲಾರದು. ಒಂದು ನಷ್ಟಕ್ಕೆ ಉತ್ತರವುಂಟು, ಎರಡಕ್ಕೆ ಇಲ್ಲ. ಸಮತಾವಿಧಾನದ ಬಲವೂ ಮಿತಿಯೂ ಇದೇ. ಇನ್ನು ಆದಿಪ್ರಾಸವೋ, ನಾಲ್ಕು ಪಾದಗಳ ಎರಡನೆಯ ಸ್ಥಾನದಲ್ಲಿ ಒಂದೇ ವ್ಯಂಜನವನ್ನು ಬಯಸುತ್ತದೆ. ಮೂರು ಪಾದಗಳಲ್ಲಿ ಅದು ಅಳಿದರೂ ನಾಲ್ಕನೆಯದರಿಂದ ತಿಳಿಯುತ್ತದೆ. ಇದು ಪ್ರತಿಬಿಂಬವಿಧಾನ. ಕನ್ನಡದ ಕವಿಗಳು ಶ್ರವಣಸುಖಕ್ಕಾಗಿ ಪಾಲಿಸಿದ ನಿಯಮಗಳು ಪಾಠರಕ್ಷಣೆಯ ಕೆಲಸವನ್ನೂ ಮಾಡಿದುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಸಂಪಾದಕನು ಅಳಿದ ಅಕ್ಷರವನ್ನು ಅರ್ಥದಿಂದಲೂ ವ್ಯಾಕರಣದಿಂದಲೂ ಊಹಿಸಬಲ್ಲನು. ಯಂತ್ರಕ್ಕೆ ಈ ಊಹೆಯಿಲ್ಲ. ಸಮತೆ ಇರುವವರೆಗೆ ಅದರ ಉತ್ತರ ಸಂದೇಹಾತೀತ. ಸಮತೆ ತಪ್ಪಿದ ಮೇಲೆ ಅದು ಮೌನ.

೪. ಹಾನಿಯ ಬಗೆಗಳು

ರೋಗವನ್ನು ತಿಳಿಯದೆ ಚಿಕಿತ್ಸೆಗೆ ತೊಡಗಬಾರದು. ಪೆಟ್ಟಿಗೆಯ ಹಾನಿಗಳನ್ನು ಸ್ಥೂಲವಾಗಿ ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಡಿಸ್ಕಿನ ಯಾಂತ್ರಿಕ ಹಾನಿ. ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಗಲಿದರೆ ಬರಹದ ಲೇಪವೇ ಕಿತ್ತುಬರುತ್ತದೆ. ಟಕಟಕ ಶಬ್ದವು ಇದರ ಲಕ್ಷಣ. ಎರಡನೆಯದು, ವಿದ್ಯುತ್ತಿನ ಹಾನಿ. ಮುಂಗಾರಿಗೆ ಮುಂಚಿನ ಗುಡುಗುಮಿಂಚಿನ ಕಾಲದಲ್ಲಿ ಹಾಸನ ಸೀಮೆಯಲ್ಲಿ ಇದರ ಭಯ ಹೆಚ್ಚು. ಬರೆಯುತ್ತಿರುವ ನಡುವೆ ವಿದ್ಯುತ್ತು ನಿಂತರೆ ಸೂಚಿಯೂ ಅರ್ಧಕ್ಕೆ ನಿಲ್ಲಬಹುದು. ಮೂರನೆಯದು, ಪೆಟ್ಟಿಗೆಯ ಹಾನಿ: ಡಿಸ್ಕುಗಳು ಸ್ವಸ್ಥವಾಗಿದ್ದು, ಅವುಗಳನ್ನು ಆಳುವ ಮಂಡಲ ಮಾತ್ರ ಕೆಟ್ಟಿರುವುದು. ಇದು ಎಲ್ಲಕ್ಕಿಂತ ಸುಲಭವಾಗಿ ಪರಿಹಾರವಾಗುವಂಥದು. ನಾಲ್ಕನೆಯದು, ಸೂಚಿಯ ಹಾನಿ. ಐದನೆಯದು, ಮನುಷ್ಯರಿಂದಾಗುವ ಹಾನಿ. ಕೈತಪ್ಪಿ ಅಳಿಸುವುದೂ ದೂರದಿಂದ ದುಷ್ಟರು ಅಳಿಸುವುದೂ ಇದರಲ್ಲಿ ಸೇರುತ್ತವೆ. ೨೦೨೧ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪೆನಿಯ ‘ಮೈ ಬುಕ್ ಲೈವ್’ ಎಂಬ ಗೃಹಸಂಗ್ರಹ ಸಾಧನಗಳನ್ನು ಹಲವು ದೇಶಗಳಲ್ಲಿ ಆಕ್ರಮಣಕಾರರು ಅಂತರಜಾಲದ ಮೂಲಕ ಬರಿದುಮಾಡಿದರು. ಆ ಸಾಧನಗಳ ತಂತ್ರಾಂಶಕ್ಕೆ ೨೦೧೫ರ ಮೇಲೆ ಪರಿಷ್ಕರಣವೇ ಆಗಿರಲಿಲ್ಲ. ಡಿಸ್ಕುಗಳು ಒಂದೂ ಕೆಟ್ಟಿರಲಿಲ್ಲ, ಬರಹ ಹೋಗಿತ್ತು. ಡಿಸ್ಕಿನ ಹಾನಿಯನ್ನು ತಡೆಯುವ ಸಮತೆಯು ಈ ಬಗೆಯ ಹಾನಿಯನ್ನು ತಡೆಯಲಾರದು. ಏಕೆಂದರೆ ಅಳಿಸಿದುದನ್ನೂ ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಗೂ ಒಯ್ಯುತ್ತದೆ.

ಇನ್ನೊಂದು ಅಪಾಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೆಟ್ಟ ಡಿಸ್ಕನ್ನು ತೆಗೆದು ಹೊಸದನ್ನು ಹಾಕಿದಾಗ, ಪೆಟ್ಟಿಗೆಯು ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಲೆಕ್ಕಮಾಡಬೇಕಾಗುತ್ತದೆ. ಸಾಮಾನ್ಯ ಡಿಸ್ಕುಗಳ ವಿಷಯದಲ್ಲಿ ತಯಾರಕರು ಕೊಡುವ ಭರವಸೆಯು ೧೦೦ ಲಕ್ಷ ಕೋಟಿ ಬಿಟ್ಟುಗಳನ್ನು, ಎಂದರೆ ಸುಮಾರು ೧೨.೫ ಟೆರಾಬೈಟನ್ನು ಓದುವುದರಲ್ಲಿ ಓದಲಾಗದ ಸ್ಥಳವು ಒಂದಕ್ಕೆ ಮೀರದೆಂಬುದು. ೧೨ ಟೆರಾಬೈಟಿನ ಓದು ಈ ಮಿತಿಯ ಹತ್ತಿರಕ್ಕೆ ಬರುತ್ತದೆ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳಾದರೆ ಎರಡನೆಯದೂ ಈ ಶ್ರಮದಲ್ಲಿಯೇ ಸೋಲುವುದುಂಟು. ಎರಡಕ್ಷರ ಸವೆದ ಪಾದದ ಗತಿಯೇ ಆಗ ಒದಗುತ್ತದೆ.

೫. ಉದ್ಧಾರದ ಕ್ರಮ

ಹಾನಿ ಕಂಡೊಡನೆ ಮಾಡತಕ್ಕ ಮೊದಲ ಕೆಲಸವೆಂದರೆ ಬರೆಯುವುದನ್ನು ನಿಲ್ಲಿಸುವುದು. ಇದರ ಕಾರಣವನ್ನು ‘ಕಡತ’ವೆಂಬ ಮಾತಿನ ಮೂಲಾರ್ಥದಿಂದಲೇ ತಿಳಿಯಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಅದರಲ್ಲಿ ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಡಿಸ್ಕಿನಲ್ಲಿ ಕಡತವನ್ನು ಅಳಿಸಿದರೆ ಒರಸುವ ಕೆಲಸವೂ ಕೂಡಲೆ ನಡೆಯುವುದಿಲ್ಲ; ‘ಈ ಸ್ಥಳ ಖಾಲಿ’ ಎಂದು ಸೂಚಿಯಲ್ಲಿ ಗುರುತು ಮಾತ್ರ ಬೀಳುತ್ತದೆ. ಹೊಸ ಬರಹವು ಅದೇ ಸ್ಥಳದಲ್ಲಿ ಬೀಳುವವರೆಗೆ ಹಳೆಯದು ಓದಲು ಸಿಕ್ಕುತ್ತದೆ. ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಸಂಗ್ರಾಹಕಗಳಲ್ಲಿ ಮಾತ್ರ, ಖಾಲಿಯೆಂದು ಗುರುತಾದ ಸ್ಥಳವನ್ನು ಯಂತ್ರವೇ ಬೇಗನೆ ಬರಿದುಮಾಡುವುದರಿಂದ ಈ ಆಸೆ ಬಹಳ ಕಡಿಮೆ. ಆದುದರಿಂದ ಪೆಟ್ಟಿಗೆಯನ್ನು ಆರಿಸಬೇಕು. ಪರದೆಯ ಮೇಲೆ ಡಿಸ್ಕನ್ನು ಹೊಸದಾಗಿ ಸಿದ್ಧಗೊಳಿಸಲೇ, ಪುನಾರಚಿಸಲೇ ಎಂಬ ಪ್ರಶ್ನೆ ಬಂದರೆ ಒಪ್ಪಿಗೆ ಕೊಡಬಾರದು.

ಎರಡನೆಯ ಕೆಲಸ, ಡಿಸ್ಕುಗಳನ್ನು ಹೊರಗೆ ತೆಗೆಯುವ ಮುನ್ನ ಪ್ರತಿಯೊಂದರ ಮೇಲೂ ಅದರ ಸ್ಥಾನವನ್ನು ಬರೆದಿಡುವುದು. ಓಲೆಕಟ್ಟಿನ ದಾರವನ್ನು ಬಿಚ್ಚುವ ಮುನ್ನ ಗರಿಗಳ ಅಂಕವನ್ನು ನೋಡಿಕೊಳ್ಳುವ ಎಚ್ಚರವೇ ಇದು. ರೈಡ್ ೫ರಲ್ಲಿ ಒಂದು ಕಡತವು ಒಂದೇ ಡಿಸ್ಕಿನಲ್ಲಿರುವುದಿಲ್ಲ. ೫೧೨ ಕಿಲೋಬೈಟಿನ ತುಂಡುಗಳಾಗಿ ಹಂಚಿದ್ದರೆ, ೮ ಮೆಗಾಬೈಟಿನ ಒಂದು ಶಾಸನಚಿತ್ರವು ೧೬ ತುಂಡುಗಳಾಗಿ ಡಿಸ್ಕುಗಳಲ್ಲಿ ಚೆದರಿರುತ್ತದೆ. ಕ್ರಮ ತಪ್ಪಿದರೆ ಚಿತ್ರವಿಲ್ಲ.

ಮೂರನೆಯದು, ಮೂಲವನ್ನು ಬಿಟ್ಟು ಪ್ರತಿಯ ಮೇಲೆ ಕೆಲಸಮಾಡುವುದು. ಶಾಸನತಜ್ಞನು ಕಲ್ಲನ್ನು ಮತ್ತೆ ಮತ್ತೆ ಉಜ್ಜುವುದಿಲ್ಲ. ಒಮ್ಮೆ ತೊಳೆದು, ಒದ್ದೆ ಕಾಗದವನ್ನು ಹರಡಿ, ಮಸಿಯಿಂದ ಪಡಿಯಚ್ಚನ್ನು ತೆಗೆದು, ಮನೆಯಲ್ಲಿ ಕುಳಿತು ಅದನ್ನು ಓದುತ್ತಾನೆ. ಡಿಸ್ಕಿಗೂ ಇಂಥದೇ ಪಡಿಯಚ್ಚನ್ನು ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೆ ತೆಗೆಯಬೇಕು. ಇದಕ್ಕಾಗಿ ‘ಗ್ನೂ ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವುಂಟು. ಅದು ಮೊದಲು ಸುಲಭವಾಗಿ ಓದಬಹುದಾದ ಭಾಗಗಳನ್ನೆಲ್ಲ ಓದಿ, ಕಷ್ಟವಾದ ಸ್ಥಳಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿ, ಅನಂತರ ಅವುಗಳಿಗೆ ಮರಳುತ್ತದೆ. ಸಾಯುತ್ತಿರುವ ಡಿಸ್ಕು ಎಷ್ಟು ಹೊತ್ತು ಓದಗೊಡುವುದೋ ತಿಳಿಯದುದರಿಂದ, ಕಷ್ಟದ ಸ್ಥಳದಲ್ಲಿ ಮೊದಲೇ ಹೆಣಗಿ ಸುಲಭವಾದುದನ್ನೂ ಕಳೆದುಕೊಳ್ಳಬಾರದೆಂಬುದು ಇದರ ಯುಕ್ತಿ. ಟಕಟಕ ಶಬ್ದಮಾಡುವ ಡಿಸ್ಕನ್ನಂತೂ ಮನೆಯಲ್ಲಿ ಓಡಿಸಲೇಬಾರದು. ಅದನ್ನು ಧೂಳಿಲ್ಲದ ಕೋಣೆಯುಳ್ಳ ಪ್ರಯೋಗಾಲಯಕ್ಕೆ ಕಳುಹಿಸಬೇಕು.

ನಾಲ್ಕನೆಯದು, ಪಡಿಯಚ್ಚುಗಳನ್ನು ಓದಲು ಮಾತ್ರ ಆಗುವಂತೆ ಇನ್ನೊಂದು ಕಂಪ್ಯೂಟರಿನಲ್ಲಿ ಜೋಡಿಸುವುದು. ಮನೆಗಳಲ್ಲಿರುವ ಬಹು ಪೆಟ್ಟಿಗೆಗಳ ಒಳಗಿರುವುದು ಲಿನಕ್ಸ್ ವ್ಯವಸ್ಥೆಯೇ ಆದುದರಿಂದ, ಪೆಟ್ಟಿಗೆ ಕೆಟ್ಟಿದ್ದರೂ ಸಾಮಾನ್ಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅವುಗಳನ್ನು ಜೋಡಿಸಬಹುದು. ಡಿಸ್ಕುಗಳ ಕ್ರಮ, ತುಂಡಿನ ಅಳತೆ, ಸಮತೆ ಸುತ್ತುವ ರೀತಿ ಈ ಮೂರೂ ಸರಿಹೊಂದಬೇಕು. ಸೂಚಿಯ ಮೊದಲ ಪುಟ ಕೆಟ್ಟಿದ್ದರೂ ಆಸೆಯನ್ನು ಬಿಡಬೇಕಾಗಿಲ್ಲ. ‘ಎಕ್ಸ್ಟ್ ೪’ ಎಂಬ ಕಡತವ್ಯವಸ್ಥೆಯು ಅದರ ಪ್ರತಿಗಳನ್ನು ಡಿಸ್ಕಿನ ಹಲವು ಕಡೆ ಇಟ್ಟಿರುತ್ತದೆ. ೪,೦೯೬ ಬೈಟಿನ ಖಂಡಗಳುಳ್ಳ ವ್ಯವಸ್ಥೆಯಲ್ಲಿ ಮೊದಲ ಪ್ರತಿಯಿರುವುದು ೩೨,೭೬೮ನೆಯ ಖಂಡದಲ್ಲಿ. ಪೆಟ್ಟಿಗೆಯೊಂದೇ ಕೆಟ್ಟಿದ್ದರೆ ಅಥವಾ ಒಂದೇ ಡಿಸ್ಕು ಹೋಗಿದ್ದರೆ, ಈ ಹಂತದಲ್ಲಿ ಹೆಸರುಗಳೊಡನೆ ಕಡತಗಳೆಲ್ಲ ಕಾಣಿಸಿಕೊಳ್ಳುವುವೆಂದು ನಿರೀಕ್ಷಿಸಬಹುದು.

೬. ಹೆಸರಿಲ್ಲದ ಕಡತಗಳು

ಸೂಚಿಯು ಪೂರ್ಣವಾಗಿ ಅಳಿದಿದ್ದರೆ ಊರೂರು ತಿರುಗಿ ಕಲ್ಲನ್ನು ಹುಡುಕುವ ಮಾರ್ಗವೊಂದೇ ಉಳಿಯುತ್ತದೆ. ‘ಫೋಟೋರೆಕ್’ ಮೊದಲಾದ ತಂತ್ರಾಂಶಗಳು ಡಿಸ್ಕಿನ ಪ್ರತಿ ಖಂಡವನ್ನೂ ಓದಿ, ಕಡತದ ಜಾತಿಲಕ್ಷಣವನ್ನು ಹುಡುಕುತ್ತವೆ. ಶಾಸನವು ಮಂಗಳಶ್ಲೋಕದಿಂದ ತೊಡಗಿ ಶಾಪಾಶಯದಿಂದ ಮುಗಿಯುವಂತೆ, ಕಡತಗಳಿಗೂ ನಿಯತವಾದ ಆದಿ, ಕೆಲವಕ್ಕೆ ನಿಯತವಾದ ಅಂತ್ಯ ಇರುತ್ತವೆ. ಜೆಪೆಗ್ ಚಿತ್ರವು ೨೫೫, ೨೧೬ ಎಂಬ ಎರಡು ಬೈಟುಗಳಿಂದ ತೊಡಗಿ ೨೫೫, ೨೧೭ ಎಂಬುವುಗಳಿಂದ ಮುಗಿಯುತ್ತದೆ. ಹೀಗೆ ಸಿಕ್ಕಿದ ಕಡತಕ್ಕೆ ಒಡಲುಂಟು, ಹೆಸರಿಲ್ಲ. ಯಾವ ಊರಿನ, ಯಾವ ಕಲ್ಲಿನ ಚಿತ್ರವೆಂಬುದನ್ನು ನೋಡಿಯೇ ತಿಳಿಯಬೇಕು. ತೆಗೆದ ಸ್ಥಳವನ್ನೂ ಶಾಸನಸಂಖ್ಯೆಯನ್ನೂ ಹೆಸರಿನಲ್ಲಿ ಮಾತ್ರವಲ್ಲದೆ ಚಿತ್ರದ ಒಡಲಿನೊಳಗೇ ಬರೆದಿಟ್ಟವರ ಶ್ರಮವು ಇಲ್ಲಿ ಸಾರ್ಥಕವಾಗುತ್ತದೆ. ಇನ್ನು ಕಡತವು ಡಿಸ್ಕಿನಲ್ಲಿ ಒಂದೇ ಕಡೆ ಇರದೆ ಚೂರುಗಳಾಗಿದ್ದರೆ, ಒಂದರ ಆದಿಗೆ ಇನ್ನೊಂದರ ಮಧ್ಯ ಸೇರಿ, ಗರಿ ಕಲಸಿದ ಓಲೆಕಟ್ಟಿನಂತೆ ಆಗುವುದೂ ಉಂಟು.

ಬರಿಯ ಕನ್ನಡ ಪಾಠವುಳ್ಳ ಕಡತಕ್ಕೆ ಇಂಥ ಆದಿಲಕ್ಷಣವಿಲ್ಲ. ಆದರೂ ಅದಕ್ಕೊಂದು ಸ್ವಭಾವಸಿದ್ಧವಾದ ಗುರುತಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿವೆ. ‘ಯುಟಿಎಫ್-೮’ ಎಂಬ ಕ್ರಮದಲ್ಲಿ ಅವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟುಗಳು. ಮೊದಲನೆಯದು ಯಾವಾಗಲೂ ೨೨೪. ಎರಡನೆಯದು ೧೭೮ ಅಥವಾ ೧೭೯. ಕಕಾರಕ್ಕೆ ೨೨೪, ೧೭೮, ೧೪೯. ಆದುದರಿಂದ ಎರಡು ಬೈಟು ಬಿಟ್ಟು ಮತ್ತೆ ಮತ್ತೆ ೨೨೪ ಬಂದು, ಅದರ ಹಿಂದೆಯೇ ೧೭೮ ಇಲ್ಲವೆ ೧೭೯ ಬರುತ್ತಿದ್ದರೆ, ಸೂಚಿ ಸತ್ತ ಡಿಸ್ಕಿನಲ್ಲಿಯೂ ‘ಇಲ್ಲಿ ಕನ್ನಡವಿದೆ’ ಎಂದು ನಿಸ್ಸಂದೇಹವಾಗಿ ಹೇಳಬಹುದು.

ಹಳೆಯ ‘ನುಡಿ’, ‘ಬರಹ’ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳ ಸ್ಥಿತಿ ಬೇರೆ. ಅವು ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿಕೊಂಡುವಾದುದರಿಂದ, ಆಯಾ ಅಕ್ಷರಶೈಲಿ ಇಲ್ಲದೆ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಇದು ಹಾನಿಯಲ್ಲ, ಲಿಪ್ಯಂತರದ ಅಭಾವ. ಉದ್ಧಾರಮಾಡಿದವರು ಇವನ್ನು ಕೆಟ್ಟ ಕಡತಗಳೆಂದು ಎಸೆದುಬಿಡುವ ಭಯವುಂಟು. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದರೆ ಪಾಠವು ಮರಳಿ ಬರುತ್ತದೆ. ಕಡತ ಸಿಕ್ಕಿದ ಮಾತ್ರಕ್ಕೆ ಪಾಠ ಸಿಕ್ಕಿದಂತಾಗುವುದಿಲ್ಲ. ಹಾಗೆಯೇ ಓದಲಾಗದ ಮಾತ್ರಕ್ಕೆ ಪಾಠ ಹೋದಂತೆಯೂ ಆಗುವುದಿಲ್ಲ. ಈ ವಿವೇಕವು ಯಂತ್ರಜ್ಞನಿಗಿಂತ ಕನ್ನಡ ಬಲ್ಲವನಿಗೇ ಸೇರಿದುದು.

೭. ಪ್ರತಿಗಳ ವಿಚಾರ

ಇಷ್ಟೆಲ್ಲ ಉಪಾಯಗಳಿದ್ದರೂ ಅವುಗಳ ಫಲವು ಅನಿಶ್ಚಿತ, ವೆಚ್ಚವು ಅಧಿಕ. ನಿಶ್ಚಿತವಾದ ಉಪಾಯವು ಒಂದೇ: ಹಾನಿಗೆ ಮೊದಲೇ ಬೇರೆ ಕಡೆ ಪ್ರತಿಯಿರುವುದು. ಸಮತೆಯುಳ್ಳ ಪೆಟ್ಟಿಗೆಯೇ ಪ್ರತಿಯೆಂದು ತಿಳಿಯುವುದು ಬಹು ಸಾಮಾನ್ಯವಾದ ಭ್ರಮೆ. ನಾಲ್ಕು ಡಿಸ್ಕುಗಳೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಮನೆಯಲ್ಲಿ, ಒಂದೇ ವಿದ್ಯುತ್ತಂತಿಯ ತುದಿಯಲ್ಲಿರುತ್ತವೆ. ಕಳ್ಳತನಕ್ಕೂ ಬೆಂಕಿಗೂ ಸಿಡಿಲಿಗೂ ಅವು ನಾಲ್ಕಲ್ಲ, ಒಂದೇ.

ಈ ಸತ್ಯವನ್ನು ೧೪ನೆಯ ಶತಮಾನದ ಕನ್ನಡನಾಡು ಬಲ್ಲದಾಗಿತ್ತು. ಶ್ರವಣಬೆಳಗೊಳದಲ್ಲಿ ೧೩೬೮ರ ಒಂದು ಪ್ರಸಿದ್ಧ ಶಾಸನವಿದೆ. ಮೇಲೆ ಹೇಳಿದ, ೧೩೬ ಎಂಬ ಸಂಖ್ಯೆಯಿಂದ ೩೪೪ಕ್ಕೆ ಬದಲಾದ ಶಾಸನವು ಇದೇ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ತೀರ್ಮಾನಿಸಿದುದನ್ನು ಅದು ದಾಖಲೆಮಾಡುತ್ತದೆ. ಆ ತೀರ್ಪನ್ನು ಒಂದೆಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ರಾಜ್ಯದ ಬಸದಿಗಳಲ್ಲಿ ಶಾಸನವನ್ನು ನೆಡಿಸಬೇಕೆಂದು ಅದರಲ್ಲಿಯೇ ವಿಧಿಸಲಾಗಿದೆ. ಅದಕ್ಕೆ ತಕ್ಕಂತೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ತೀರ್ಪಿನ ಇನ್ನೊಂದು ಶಾಸನವು ದೊರೆತಿದೆ. ಒಂದು ಕಲ್ಲು ಒಡೆದರೆ, ಹೂತುಹೋದರೆ, ಅಥವಾ ಯಾರಾದರೂ ಬೇಕೆಂದೇ ಅಳಿಸಿದರೆ, ದೂರದ ಇನ್ನೊಂದು ಕಲ್ಲು ಸಾಕ್ಷಿ ಹೇಳಬೇಕು ಎಂಬುದು ಇಂಥ ವ್ಯವಸ್ಥೆಯಿಂದ ಸಿದ್ಧಿಸುವ ಪ್ರಯೋಜನ. ಅಳಿಸುವ ಕೈ ಎರಡು ಕಡೆಗೂ ಏಕಕಾಲದಲ್ಲಿ ಮುಟ್ಟಲಾರದು.

ಇಂದಿನವರು ಇದನ್ನೇ ‘ಮೂರು, ಎರಡು, ಒಂದು’ ಎಂಬ ಸೂತ್ರವಾಗಿ ಹೇಳುತ್ತಾರೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ಈ ಸೂತ್ರವನ್ನು ಪ್ರಚಾರಕ್ಕೆ ತಂದವನು ಪೀಟರ್ ಕ್ರೋ ಎಂಬ ಛಾಯಾಚಿತ್ರಗ್ರಾಹಕ. ದೊಡ್ಡ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯ’ ಎಂಬ ಸರ್ಕಾರಿ ಯೋಜನೆಯಲ್ಲಿ ಸಿದ್ಧವಾದ ಕನ್ನಡ ಪುಸ್ತಕಗಳ ಬಿಂಬಗಳು, ಅದರ ಸ್ವಂತ ತಾಣವು ನಿಂತ ಮೇಲೆಯೂ ಓದುಗರಿಗೆ ದೊರೆಯುತ್ತಿರುವುದು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಅವುಗಳ ಪ್ರತಿಗಳಿರುವುದರಿಂದ.

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಒಂದೊಂದು ದಿಕ್ಕಿನಲ್ಲಿ ಸುಮಾರು ೪೦ ಕಿಲೋಮೀಟರಿನೊಳಗೇ ಇವೆ. ಈ ಊರುಗಳ ಕಾಲೇಜುಗಳಲ್ಲಿಯೋ ಪಾಠಶಾಲೆಗಳಲ್ಲಿಯೋ ಕೆಲಸಮಾಡುವ ಇಬ್ಬರು ಅಧ್ಯಾಪಕರು ತಮ್ಮ ಸಂಗ್ರಹದ ಒಂದು ಪ್ರತಿಯನ್ನು ಪರಸ್ಪರ ಬದಲಾಯಿಸಿಕೊಂಡು, ವರ್ಷಕ್ಕೆರಡು ಬಾರಿ ಹೊಸದುಮಾಡಿದರೆ, ಸೂತ್ರದ ಅತಿಕಷ್ಟವಾದ ಭಾಗವು ನೆರವೇರಿದಂತಾಗುತ್ತದೆ. ಆ ಪ್ರತಿಯನ್ನು ಆಗಾಗ ತೆರೆದು ಓದಿನೋಡುವುದೂ ಅವಶ್ಯಕ. ಓದಿನೋಡದ ಪ್ರತಿಯು, ಬೀರುವಿನಲ್ಲಿಟ್ಟು ಬಿಚ್ಚದ ಓಲೆಕಟ್ಟಿನಂತೆ, ಇದೆಯೆಂಬ ನಂಬಿಕೆ ಮಾತ್ರ.

೮. ಉಪಸಂಹಾರ

ಇಲ್ಲಿ ಪಣವಾಗಿರುವುದು ಕೆಲವು ಯಂತ್ರಗಳ ಬೆಲೆಯಲ್ಲ. ಮೇಜರ್ ಡಿಕ್ಸನ್ ಅವರು ೧೮೬೫ರಲ್ಲಿ ಮೈಸೂರು ಸರ್ಕಾರಕ್ಕಾಗಿ ತೆಗೆದ ಶಾಸನಗಳ ಛಾಯಾಚಿತ್ರಗಳೇ ರೈಸ್ ಅವರ ೧೮೭೯ರ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆಧಾರವಾದುವು. ಛಾಯಾಚಿತ್ರವು ಮೂಲಕ್ಕೆ ಬದಲು ನಿಲ್ಲಬಲ್ಲದೆಂಬುದಕ್ಕೆ ಅಂದೇ ಪ್ರಮಾಣ ದೊರೆಯಿತು. ಇಂದು ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನ ಚಿತ್ರವನ್ನು ತೆಗೆದವನು, ಆ ಕಲ್ಲು ಮುಂದೆ ಒಡೆದುಹೋದರೆ, ತಿಳಿಯದೆಯೇ ಅದರ ಏಕೈಕ ಸಾಕ್ಷಿಯಾಗುತ್ತಾನೆ. ಹಾಡ ಬಲ್ಲ ಮುದುಕಿಯ ಧ್ವನಿಯನ್ನು ಹಿಡಿದಿಟ್ಟವನು ಆಕೆಯ ಕಾಲಾನಂತರ ಆ ಪಾಠದ ಒಡೆಯನಲ್ಲ, ಪಾಲಕ. ಅವನ ಮನೆಯ ಪೆಟ್ಟಿಗೆ ಕೆಟ್ಟ ದಿನ ನಷ್ಟವಾಗುವುದು ಅವನ ಸ್ವತ್ತಲ್ಲ.

ಸಂಗ್ರಹಿಸಿದ ವಿವರಗಳಿಂದ ಸಿದ್ಧಿಸುವ ನಿರ್ಣಯಗಳು ಮೂರು. ಒಡಲು ಉಳಿದಿರುವವರೆಗೆ ಸೂಚಿಯ ನಷ್ಟವು ಪರಿಹಾರವಾಗುವಂಥದು. ಆದುದರಿಂದ ಹಾನಿ ಕಂಡಾಗ ಅವಸರಪಡದೆ ಬರಹವನ್ನು ನಿಲ್ಲಿಸಬೇಕು. ಸಮತೆಯು ಒಂದು ನಷ್ಟವನ್ನು ತುಂಬುತ್ತದೆ, ಎರಡನ್ನಲ್ಲ; ಆದುದರಿಂದ ಮೊದಲ ಡಿಸ್ಕು ಕೆಟ್ಟಾಗಲೇ ಉಳಿದವುಗಳ ಪಡಿಯಚ್ಚನ್ನು ತೆಗೆದಿಡಬೇಕು. ಒಂದೇ ಸ್ಥಳದಲ್ಲಿರುವ ಪ್ರತಿಗಳೆಲ್ಲ ಸೇರಿ ಒಂದೇ ಪ್ರತಿ. ಆದುದರಿಂದ ಬೆಳಗೊಳದ ಪಾಠಕ್ಕೆ ಕಲ್ಯದಲ್ಲೊಂದು ಕಲ್ಲು ಇರಲೇಬೇಕು.